ಅಪ್‌ಡೇಟ್: ಹಳೆಯ ಕಾರ್ಪೆಟ್ ಅನ್ನು ತೋಟದಲ್ಲಿ ಕಳೆ ತಡೆಯಲು ಹಾಸಬಹುದೇ?

ಉತ್ತರಿಸಿದ ಎಲ್ಲರಿಗೂ ಧನ್ಯವಾದ. ಹಾಸುವ ಮುಂಚೆ ನೂಲು ಯಾವುದೆಂದು ತಿಳಿಯಲೇಬೇಕು, ಎಲ್ಲವೂ ಅದರ ಮೇಲೆಯೇ ನಿಂತಿದೆ. ನಾಲ್ಕೈದು ಎಳೆ ಕಿತ್ತು, ಚಿಮಟದಲ್ಲಿ ಹಿಡಿದು, ನೀರಿನ ಬಟ್ಟಲಿನ ಮೇಲೆ ಬಯಲಲ್ಲಿ ಸುಟ್ಟು ನೋಡಿ. ಕೂದಲು ಸುಟ್ಟ ವಾಸನೆ ಬಂದು, ಬೂದಿ ಬೆರಳಲ್ಲಿ ಪುಡಿಯಾದರೆ ಉಣ್ಣೆ. ಕರಗಿ ಗಟ್ಟಿ ಮಣಿಯಾದರೆ ನೈಲಾನ್, ಪಾಲಿಪ್ರೊಪಿಲೀನ್‌ನಂಥ ಪ್ಲಾಸ್ಟಿಕ್. ಅದನ್ನು ದಯವಿಟ್ಟು ಮಣ್ಣಿಗೆ ಹಾಕಬೇಡಿ. ಬಿಸಿಲಿಗೆ ಎಳೆಗಳು ತುಂಡಾಗಿ ಮಣ್ಣಲ್ಲಿ ಬೆರೆತರೆ ಮತ್ತೆ ಆರಿಸಿ ತೆಗೆಯಲಾಗದು.

ಉಣ್ಣೆಯಾದರೂ ಬೆನ್ನುಪದರ ಸೆಣಬಿನದೇ ಇರಬೇಕು. ಬಹಳಷ್ಟರಲ್ಲಿ ಲ್ಯಾಟೆಕ್ಸ್ ಎಂಬ ರಬ್ಬರ್ ಅಂಟು, ಸುಣ್ಣಕಲ್ಲಿನ ಪುಡಿ ಇರುತ್ತವೆ, ಹುಳು ತಡೆಯುವ ರಾಸಾಯನಿಕವೂ ಇರಬಹುದು. ಹಾಗಾಗಿ ತರಕಾರಿ ಮಡಿಗೆ ಬೇಡವೆಂದೇ ನನ್ನ ತೀರ್ಮಾನ.

ಪ್ಲಾಸ್ಟಿಕ್ ಕಾರ್ಪೆಟ್‌ಗೆ ಒಳಾಂಗಣವೇ ಸರಿ. ಬೆನ್ನಿನ ಕಡೆಯಿಂದ, ಉಕ್ಕಿನ ಪಟ್ಟಿ ಒತ್ತಿಟ್ಟು, ಹೊಸ ಬ್ಲೇಡಿನಲ್ಲಿ ಕತ್ತರಿಸಿ; ಮೇಲಿನಿಂದ ಕೊಯ್ದರೆ ಕುಚ್ಚು, ಅಂದರೆ ಮೇಲ್ಮೈಯ ಎಳೆಗಳು, ಉದುರುತ್ತದೆ. 5 ಸೆಂ.ಮೀ. ಚೌಕಗಳನ್ನು ಭಾರದ ಬೀರುವಿನ ಕಾಲುಗಳಡಿ ಕುಚ್ಚು ಕೆಳಮುಖವಾಗಿ ಇಟ್ಟರೆ ನಯವಾದ ನೆಲದ ಮೇಲೆ ಅದು ಸುಲಭವಾಗಿ ಜಾರುತ್ತದೆ. ಅಂಚಿಗೆ ಅಂಟು ಸವರಿ ಒಣಗಿಸಿದರೆ ಎಳೆ ಬಿಚ್ಚುವುದಿಲ್ಲ. ಬೂಷ್ಟು ಹಿಡಿದ ಭಾಗವನ್ನಂತೂ ಉಳಿಸಿಕೊಳ್ಳಬೇಡಿ, ತೊಳೆದರೂ ಬುಡದಲ್ಲಿ ಉಳಿಯುತ್ತದೆ.