ಕೊರೆಯುವ ಚಳಿಯಲ್ಲಿ, ಬಯಲಿನಲ್ಲಿ ನುಡಿಸುವವರಿಗೆ: ರಿಪೇರಿಯವರನ್ನು ಕೇಳಿ

ಅಡ್ಮಿನ್: ಗಣರಾಜ್ಯೋತ್ಸವಕ್ಕೆ ಕಾಸರಗೋಡಿನಿಂದ ಕೆಲವರು ದಿಲ್ಲಿಗೆ, ಶ್ರೀನಗರಕ್ಕೆ ಹೊರಟಿದ್ದಾರೆ. ವಾದ್ಯ ರಿಪೇರಿ ಮಾಡುವ ನಮ್ಮ ಅಣ್ಣ ಇವತ್ತು ಸಂಜೆ ಉತ್ತರ ಕೊಡುತ್ತಾರೆ. ವಾದ್ಯದ ಬಗ್ಗೆ ಮಾತ್ರ ಕೇಳಿ.

ಟ್ರಂಪೆಟ್, ಉಪ್ಪಳ: ಅಣ್ಣಾ, ಚಳಿಗೆ ವಾಲ್ವ್ ಸಿಕ್ಕಿಕೊಳ್ಳಬಾರದು ಅಂದ್ರೆ ತೆಂಗಿನೆಣ್ಣೆ ಬಿಡಬೇಕು ಅಂತ ಒಂದು ಫಾರ್ವರ್ಡ್ ಬಂದಿದೆ. ಬಿಡಬಹುದಾ?

ರಿಪೇರಿಯವರು: ಬೇಡ. ತೆಂಗಿನೆಣ್ಣೆ 24 ಡಿಗ್ರಿಯ ಹತ್ತಿರವೇ ಗಟ್ಟಿಯಾಗುತ್ತದೆ. ಡಿಸೆಂಬರ್ ಬೆಳಿಗ್ಗೆ ನಮ್ಮ ಬಚ್ಚಲಿನ ಬಾಟಲಿಯಲ್ಲೇ ಬೆಳ್ಳಗಾಗುತ್ತದಲ್ವಾ? ವಾಲ್ವ್‌ಗೆಂದೇ ಮಾಡಿದ ತೆಳು ಎಣ್ಣೆ ಸಿಗುತ್ತದೆ, ಅದನ್ನೇ ಹಾಕಿ. ಉಸಿರಿನ ನೀರು ಒಳಗೆ ಮಂಜುಗಡ್ಡೆಯಾದರೆ ವಾಲ್ವ್ ಏಳುವುದಿಲ್ಲ. ನುಡಿಸದೆ ನಿಂತಾಗಲೂ ಒತ್ತುತ್ತಾ ಇರಿ, ನೀರು ಆಗಾಗ ಹೊರಗೆ ಬಿಡಿ. ಮೌತ್‌ಪೀಸ್ ಜೇಬಿನಲ್ಲಿ ಬೆಚ್ಚಗಿರಲಿ. ಪ್ಲಾಸ್ಟಿಕ್ಕಿನದು ಸಿಕ್ಕಿದರೆ ಇನ್ನೂ ಒಳ್ಳೆಯದು, ತಣ್ಣನೆಯ ಲೋಹಕ್ಕೆ ತುಟಿ ಅಂಟಿಕೊಳ್ಳುತ್ತದೆ.

ಸ್ಯಾಕ್ಸೊಫೋನ್, ಕುಂಬಳೆ: ನಮ್ಮಲ್ಲಿ ಎರಡು ಸ್ಯಾಕ್ಸೊಫೋನ್, ಒಂದು ವಯಲಿನ್. ಹೋದ ಸಲ ದಿಲ್ಲಿಯಲ್ಲಿ ಮುಂಜಾನೆಯ ರಿಹರ್ಸಲ್‌ಗೆ ಶ್ರುತಿ ಸೇರಲೇ ಇಲ್ಲ. ಊರಿನಲ್ಲಿ ಚೆನ್ನಾಗಿಯೇ ಇತ್ತು. ಯಾಕೆ ಹೀಗೆ?

ರಿಪೇರಿಯವರು: ತಣ್ಣನೆಯ ಗಾಳಿಯಲ್ಲಿ ಶಬ್ದ ನಿಧಾನ. ಸೊನ್ನೆ ಡಿಗ್ರಿಯಲ್ಲಿ ಸೆಕೆಂಡಿಗೆ ಸುಮಾರು 331 ಮೀಟರ್, ನಮ್ಮೂರಿನ 30 ಡಿಗ್ರಿಗೆ 349. ಹಾಗಾಗಿ ಊದುವ ವಾದ್ಯದ ಶ್ರುತಿ ಇಳಿಯುತ್ತದೆ. ಒಳಗಿನ ಗಾಳಿ ಪೂರ್ತಿ ತಣ್ಣಗಾದರೆ ಹೆಚ್ಚುಕಮ್ಮಿ ಅರ್ಧ ಸ್ವರ ಹೋಯಿತು. ವಯಲಿನ್ನಿನ ತಂತಿ ಚಳಿಗೆ ಬಿಗಿಯುತ್ತದೆ, ಅದರ ಶ್ರುತಿ ಏರುತ್ತದೆ. ಎರಡೂ ಒಂದೊಂದು ದಿಕ್ಕಿಗೆ ಎಳೆದರೆ ಸೇರುವುದು ಹೇಗೆ? ಮೌತ್‌ಪೀಸ್ ಸ್ವಲ್ಪ ಒಳಗೆ ತಳ್ಳಿ. ಶಬ್ದ ಮಾಡದೆ ಬೆಚ್ಚಗಿನ ಉಸಿರು ಬಿಡುತ್ತಾ ಇರಿ. ವಯಲಿನ್‌ನವರು ಕೊನೆಗೆ ನಿಮ್ಮ ಶ್ರುತಿಗೆ ಬರಲಿ.

ಹಾರ್ಮೋನಿಯಂ, ಮಂಜೇಶ್ವರ: ವಿಮಾನದಲ್ಲಿ ಹಾರ್ಮೋನಿಯಂ ಕೈಯಲ್ಲೇ ಒಯ್ಯಲು ಬಿಡುತ್ತಾರಾ?

ನಾಗಸ್ವರ, ಬದಿಯಡ್ಕ: ಅಣ್ಣಾ, ನನ್ನದು ಅಜ್ಜನ ಕಾಲದ ಮರದ ನಾಗಸ್ವರ. ಶ್ರೀನಗರದಲ್ಲಿ ಬಯಲಿನಲ್ಲಿ ಅರ್ಧ ಗಂಟೆ ಊದಬೇಕು. ಬೆಳಿಗ್ಗೆ ಸೊನ್ನೆಗಿಂತ ಕೆಳಗೆ ಇರುತ್ತದಂತೆ. ಫೋಟೋ ಹಾಕಿದ್ದೇನೆ. ಎಷ್ಟು ಎಣ್ಣೆ ಕುಡಿಸಲಿ?

ರಿಪೇರಿಯವರು: ಎಣ್ಣೆ ಆಮೇಲೆ. ಫೋಟೋ ದೊಡ್ಡದು ಮಾಡಿ ನೋಡಿದೆ. ಮೇಲಿನಿಂದ ಎರಡನೇ ತೂತಿನ ಕೆಳಗೆ ಕೂದಲೆಳೆಯಷ್ಟು ಒಂದು ಗೆರೆ ಕಾಣುತ್ತಿದೆ. ಮರದ ನಾರೋ ಬಿರುಕೋ ಫೋಟೋದಲ್ಲಿ ಗೊತ್ತಾಗುವುದಿಲ್ಲ. ಬೆಳಕಿಗೆ ಹಿಡಿದು ಉಗುರನ್ನು ಗೆರೆಗೆ ಅಡ್ಡವಾಗಿ ಮೆಲ್ಲನೆ ಎಳೆಯಿರಿ. ಉಗುರು ಜಾರಿ ಹೋದರೆ ನಾರು. ಸಿಕ್ಕಿಕೊಂಡರೆ ಬಿರುಕು.

ಯಾಕೆ ಇಷ್ಟು ಹೇಳುತ್ತೇನೆ ಅಂದ್ರೆ, ನೀವು ಊದಿದ ಕೂಡಲೇ ಒಳಗಿನ ಮರಕ್ಕೆ ಬಿಸಿ, ತೇವ ಎರಡೂ ತಾಗುತ್ತವೆ. ಒಳಗೆ ಅದು ಹಿಗ್ಗಲು ನೋಡುತ್ತದೆ. ಹೊರಗಿನ ಮರ ಒಣಗಿ, ತಣ್ಣಗಾಗಿ ಬಿಗಿದುಕೊಂಡಿರುತ್ತದೆ. ಒಳಗಿನದು ತಳ್ಳುತ್ತದೆ, ಹೊರಗಿನದು ಬಿಡುವುದಿಲ್ಲ. ಆಗ ಮರ ಸೀಳುತ್ತದೆ. ತಣ್ಣಗಿರುವಾಗ ಜೋರಾಗಿ ಊದುವ ಮೊದಲ ಕೆಲವು ನಿಮಿಷವೇ ಜಾಸ್ತಿ ಅಪಾಯ. ಅದಾಗಲೇ ಗೆರೆ ಇದ್ದರೆ ಸೀಳು ಅಲ್ಲಿಂದಲೇ ಓಡುತ್ತದೆ. ಎಣ್ಣೆ ಇದನ್ನು ತಡೆಯುವುದಿಲ್ಲ, ಸ್ವಲ್ಪ ನಿಧಾನ ಮಾಡುತ್ತದೆ ಅಷ್ಟೇ.

ನನ್ನ ಮಾತು ಕೇಳಿದರೆ ಅಜ್ಜನ ವಾದ್ಯ ಊರಿನಲ್ಲೇ ಇರಲಿ, ಬೇರೊಂದು ಒಯ್ಯಿರಿ. ಯಾವುದನ್ನೇ ಒಯ್ದರೂ ಕೊನೆಯ ಗಳಿಗೆಯವರೆಗೆ ಕೋಟಿನೊಳಗೆ ಮೈಗೆ ತಾಗಿ ಇರಲಿ. ಬಾಯಿಗಿಡುವ ಪೀಪಿ ಬೇರೆಯಾಗಿ ಜೇಬಿನಲ್ಲಿ. ಶುರುವಿಗೆ ಮೆಲ್ಲಗೆ ಊದಿ, ನಡುವೆ ಬಟ್ಟೆ ತೂರಿಸಿ ಒಳಗಿನ ನೀರು ಒರೆಸಿ. ಮುಗಿದ ಮೇಲೆ ಹೀಟರ್ ಇರುವ ಕೋಣೆಗೆ ಬಂದು ಪೆಟ್ಟಿಗೆ ತೆರೆಯಬೇಡಿ, ಎರಡು ಮೂರು ಗಂಟೆ ಮುಚ್ಚಿಯೇ ಇರಲಿ. ಬೆಚ್ಚಗಿನ ಕೋಣೆ ಬೇಕು, ತಪ್ಪಿದರೆ ಹಾಕಲು ಒಂದು ರೆಕಾರ್ಡಿಂಗ್ ಬೇಕು ಅಂತ ನಿಮ್ಮನ್ನು ಕಾರ್ಯಕ್ರಮಕ್ಕೆ ಕರೆದವರಿಗೆ ಈಗಲೇ ಹೇಳಿ. ನಾಚಿಕೆ ಬೇಡ.

ಚೆಂಡೆ, ಮುಳ್ಳೇರಿಯ: ರೆಕಾರ್ಡಿಂಗಾ? ಎಂತ ಮಾರಾಯ್ರೆ! ಯಕ್ಷಗಾನ ಕವಿ ಪಾರ್ತಿಸುಬ್ಬನ ಸೀಮೆಯವರು ನಾವು. ಬೆಳಗಾಗುವವರೆಗೆ ಆಟಕ್ಕೆ ಬಾರಿಸುವವರು ರೆಕಾರ್ಡ್ ಹಾಕಿ ಕೈ ಆಡಿಸುವುದು ಮೋಸ.

ವಯಲಿನ್, ಕಾಸರಗೋಡು: 2009ರ ಜನವರಿ 20ರಂದು ಒಬಾಮಾ ಪ್ರಮಾಣವಚನಕ್ಕೆ ಚೆಲ್ಲೊದ ಯೋ-ಯೋ ಮಾ, ವಯಲಿನ್ನಿನ ಇಟ್ಝಾಕ್ ಪರ್ಲ್‌ಮನ್ ಅಂಥವರೇ ಹಾಗೆ ಮಾಡಿದರು. ಅವರೂ ಮೋಸಗಾರರಾ?

ಚೆಂಡೆ, ಮುಳ್ಳೇರಿಯ: ದೊಡ್ಡವರು ಮಾಡಿದರೆ ಸರಿಯಾಗಿಬಿಡುತ್ತದಾ? ಜನರಿಗೆ ಮೊದಲೇ ಹೇಳಿದ್ದರಾ?

ವಯಲಿನ್, ಕಾಸರಗೋಡು: ನಿಮ್ಮ ಚೆಂಡೆಯ ತಂತಿ ತುಂಡಾಗುವುದಿಲ್ಲ, ಅದಕ್ಕೆ ಈ ಮಾತು.

ಚೆಂಡೆ, ಮುಳ್ಳೇರಿಯ: ಮಂಜಿಗೆ ಚರ್ಮ ಸಡಿಲವಾಗುವುದು ನಿಮಗೆ ಗೊತ್ತುಂಟಾ? ಸುಮ್ನೆ ಮಾತಾಡಬೇಡಿ.

ರಿಪೇರಿಯವರು: ಇಬ್ಬರೂ ಕೇಳಿ. ಆ ದಿನ ವಾಷಿಂಗ್ಟನ್‌ನಲ್ಲಿ ಸೊನ್ನೆಗಿಂತ ಕೆಳಗಿತ್ತು. ವಯಲಿನ್, ಚೆಲ್ಲೊ, ಪಿಯಾನೊ, ಕ್ಲಾರಿನೆಟ್, ನಾಲ್ಕೂ ಒಂದೇ ಶ್ರುತಿಯಲ್ಲಿ ನಿಲ್ಲಬೇಕು. ತಂತಿ ಹರಿಯುವ ಭಯ ಬೇರೆ. ಎರಡು ದಿನ ಮೊದಲು ಅದೇ ನಾಲ್ವರು ನುಡಿಸಿದ್ದನ್ನೇ ಜನರಿಗೆ ಕೇಳಿಸಿದರು, ಅದಕ್ಕೆ ಹೊಂದಿಸಿ ಅಲ್ಲೇ ವಾದ್ಯದ ಮೇಲೆ ಕೈ ಆಡಿಸಿದರು. ಜನರಿಗೆ ಗೊತ್ತಾದದ್ದು ಆಮೇಲೆ. ಮೊದಲೇ ಹೇಳಬೇಕಿತ್ತು ಅನ್ನುವುದನ್ನು ಒಪ್ಪುತ್ತೇನೆ. ಮೋಸ ಅನ್ನುವುದನ್ನು ಒಪ್ಪುವುದಿಲ್ಲ. 1985ರಲ್ಲಿ ರೇಗನ್ ಪ್ರಮಾಣವಚನವನ್ನೇ ಚಳಿಗೆ ಒಳಗೆ ಮಾಡಿದರು, ಮೆರವಣಿಗೆ ರದ್ದು ಮಾಡಿದರು. ಚಳಿಗೆ ಸೋತದ್ದರಲ್ಲಿ ಅವಮಾನ ಎಂಥದು? ಒಂದು ದಿನದ ಗೌರವಕ್ಕೆ ಮೂರು ತಲೆಮಾರಿನ ವಾದ್ಯ ಸೀಳಿಸುವುದು ಧೈರ್ಯ ಅಲ್ಲ.

ಕೊಳಲು, ನೀರ್ಚಾಲು: ಊದುವ ಮೊದಲು ಎರಡು ಗುಟುಕು ಬ್ರಾಂದಿ ಕುಡಿದರೆ ಬೆರಳು ಬಿಸಿಯಾಗುತ್ತದೆ ಅಂತ ಫಾರ್ವರ್ಡ್ ಬಂದಿದೆ, ನೋಡಿ.

ರಿಪೇರಿಯವರು: ಚರ್ಮ ಬಿಸಿಯಾದ ಹಾಗೆ ಅನಿಸುತ್ತದೆ, ಮೈಯ ಬಿಸಿ ಹೊರಗೆ ಹೋಗುತ್ತದೆ. ಇನ್ನು ಫಾರ್ವರ್ಡ್ ಹಾಕಬೇಡಿ.

ಸ್ಯಾಕ್ಸೊಫೋನ್, ಪೆರ್ಲ: ಅಣ್ಣಾ, ಫ್ರಿಡ್ಜಿನ ನೀರಿನ ಬಾಟಲಿ ಹಿಡಿದರೂ ನನ್ನ ಎರಡು ಬೆರಳು ಸುಣ್ಣದ ಹಾಗೆ ಬಿಳಿಯಾಗುತ್ತವೆ, ಆಮೇಲೆ ನೀಲಿ. ಗ್ಲೌಸ್ ಸಾಕಾ?

ರಿಪೇರಿಯವರು: ತಂಗೀ, ಇದು ನನ್ನ ಕೆಲಸ ಅಲ್ಲ. ಹೊರಡುವ ಮೊದಲು ಡಾಕ್ಟರಿಗೆ ತೋರಿಸು. ಯಾವ ಮಾತ್ರೆ ತಿನ್ನುತ್ತಿ ಅಂತಲೂ ಹೇಳು. ಗ್ಲೌಸ್ ನಂಬಿ ಹೋಗಬೇಡ.

ಮದ್ದಳೆ, ಕುಂಬಳೆ: ಮುಚ್ಚಿಗೆಯ ಚರ್ಮ ಸಡಿಲವಾದರೆ ಹೀಟರ್ ಮುಂದೆ ಇಡಬಹುದಾ?

ಬ್ಯಾಂಡ್, ಉಪ್ಪಳ: ತೆಂಗಿನೆಣ್ಣೆಗೆ ಕರ್ಪೂರ ಹಾಕಿ ಕಾಯಿಸಿದರೆ ವಾಲ್ವ್‌ಗೆ ಆಗುತ್ತದಾ?

ರಿಪೇರಿಯವರು: ಇಲ್ಲ. ಮೇಲೆ ಓದಿ.

ಚೆಂಡೆ, ಮುಳ್ಳೇರಿಯ: ನಾನು ಇನ್ನೂ ಒಪ್ಪಿಲ್ಲ.

ವಯಲಿನ್, ಕಾಸರಗೋಡು: ನಿಮ್ಮನ್ನು ಕೇಳಿದವರು ಯಾರು?

ಅಡ್ಮಿನ್: ಇಬ್ಬರೂ ನಿಲ್ಲಿಸಿ. ಇಲ್ಲದಿದ್ದರೆ ಗುಂಪು ಮುಚ್ಚುತ್ತೇನೆ.

ರಿಪೇರಿಯವರು: ಬದಿಯಡ್ಕದವರೇ, ಉಗುರು ಎಳೆದು ನೋಡಿದಿರಾ?

ನಾಗಸ್ವರ, ಬದಿಯಡ್ಕ: ನೋಡಿದೆ ಅಣ್ಣಾ. ಸಿಕ್ಕಿಕೊಳ್ಳುತ್ತದೆ.

ರಿಪೇರಿಯವರು: ಇನ್ನು ಒಂದು ಸ್ವರವೂ ಊದಬೇಡಿ. ಎಣ್ಣೆಯೂ ಬೇಡ, ಎಣ್ಣೆ ತಾಗಿದರೆ ಬಿರುಕಿಗೆ ಹಾಕುವ ಅಂಟು ಹಿಡಿಯುವುದಿಲ್ಲ. ಬಟ್ಟೆ ಸುತ್ತಿ ನಾಳೆ ಬೆಳಿಗ್ಗೆ ಅಂಗಡಿಗೆ ತನ್ನಿ. ಶ್ರೀನಗರಕ್ಕೆ ನನ್ನ ಹತ್ತಿರ ಇರುವ ಇನ್ನೊಂದನ್ನು ಕೊಡುತ್ತೇನೆ, ನಿಮ್ಮ ಪೀಪಿ ಹಾಕಿ ಶ್ರುತಿ ನೋಡೋಣ.