ಆಯಿಲ್ ಚೇಂಜ್ ಆಗಿ ಎರಡೂವರೆ ಸಾವಿರ ಮೈಲಿನೂ ಆಗಿಲ್ಲ, ಮೀಟರ್ ಆಗ್ಲೇ 30% ಅಂತಿದೆ. ಸೆನ್ಸರ್ ಹೋಯ್ತಾ?

ರಾಘು_ಮಿನಿಯಾಪೊಲಿಸ್:
ಎಲ್ರಿಗೂ ನಮಸ್ಕಾರ. ಗಾಡಿ 2016ರ ಹೋಂಡಾ ಅಕಾರ್ಡ್, 2.4 ಪೆಟ್ರೋಲ್. ಅಕ್ಟೋಬರಲ್ಲಿ ಮನೆ ಹತ್ರದ ಒಂದು ಅಂಗಡೀಲಿ ಆಯಿಲ್ ಚೇಂಜ್ ಮಾಡಿಸ್ದೆ, ಆಮೇಲೆ ಓಡಿರೋದು ಎರಡೂವರೆ ಸಾವಿರ ಮೈಲಿ ಒಳಗೇನೇ, ಆದ್ರೆ ಡ್ಯಾಶ್‌ಬೋರ್ಡಲ್ಲಿ ಆಯಿಲ್ ಲೈಫ್ ಆಗ್ಲೇ 30% ತೋರಿಸ್ತಿದೆ. ಅಂಗಡಿಯವ್ರು ಗ್ಲಾಸಿಗೆ ಅಂಟಿಸಿರೋ ಸ್ಟಿಕ್ಕರಲ್ಲಿ 3000 ಮೈಲಿಗೆ ವಾಪಸ್ ಬನ್ನಿ ಅಂತಿದೆ, ಮ್ಯಾನುಯಲ್ ನೋಡಿದ್ರೆ ಮೀಟರ್ ಹೇಳ್ದಾಗ ಮಾಡಿಸಿ ಅಂತಿದೆ, ಊರಿಂದ ಬಂದಿರೋ ನಮ್ ಮಾವ 5000 ಕಿಲೋಮೀಟರಿಗೆ ಕಣ್ಣು ಮುಚ್ಕೊಂಡು ಮಾಡಿಸ್ಬಿಡಿ ಅಂತಾರೆ. ಯಾರ ಮಾತು ಕೇಳೋದು? ಆಯಿಲ್ ಸೆನ್ಸರ್ ಕೆಟ್ಟಿದ್ರೆ ಅದು ಎಲ್ಲಿರತ್ತೆ, ಬದಲಾಯ್ಸೋಕೆ ಎಷ್ಟಾಗತ್ತೆ?

ಗಿರಿ_ಗ್ಯಾರೇಜ್:
ರಾಘು ಅವ್ರೇ, ದುಡ್ಡು ಖರ್ಚು ಮಾಡೋಕೆ ಮುಂಚೆ ಒಂದ್ ವಿಷ್ಯ. ನಿಮ್ ಗಾಡೀಲಿ ಆಯಿಲ್ ಕ್ವಾಲಿಟಿ ನೋಡೋ ಸೆನ್ಸರೇ ಇಲ್ಲ. ಆ ಪರ್ಸೆಂಟ್ ಬರೀ ಕಂಪ್ಯೂಟರ್ ಹಾಕೋ ಲೆಕ್ಕ, ಅದು ಆಯಿಲ್ ಮುಟ್ಟೂ ನೋಡಲ್ಲ. ಕೆಲವು ಮರ್ಸಿಡಿಸ್‌ಗಳಲ್ಲಿ ನಿಜವಾಗ್ಲೂ ಆಯಿಲ್ ಗುಣ ಅಳೆಯೋ ಸೆನ್ಸರ್ ಹಾಕಿದ್ರು, ಆದ್ರೆ ರಸ್ತೆ ಮೇಲಿರೋ ಹೆಚ್ಚಿನ ಗಾಡಿಗಳಲ್ಲಿ ಇರೋದು ಲೆಕ್ಕ ಮಾತ್ರ.

ಈ ಲೆಕ್ಕ ಹೇಗೆ ಅನ್ನೋದು ಗೊತ್ತಿದ್ರೆ ಅರ್ಧ ಗೊಂದಲ ಹೋಗತ್ತೆ, ಅದಕ್ಕೆ ಸ್ವಲ್ಪ ಉದ್ದ ಬರೀತೀನಿ. 1980ರ ದಶಕದಲ್ಲಿ ಜನರಲ್ ಮೋಟರ್ಸ್ ರಿಸರ್ಚ್ ವಿಭಾಗದಲ್ಲಿ ಶರ್ಲಿ ಶ್ವಾರ್ಟ್ಸ್, ಡೊನಾಲ್ಡ್ ಸ್ಮೊಲೆನ್ಸ್ಕಿ ಅನ್ನೋರು ಇದ್ರ ಮೇಲೆ ಕೆಲಸ ಮಾಡಿ 1987ರಲ್ಲಿ ಪೇಪರ್ ಬರೆದ್ರು. ಹೈವೇಲಿ ಆರಾಮಾಗಿ ಓಡೋ ಗಾಡಿ, ಬಿಸಿಲಲ್ಲಿ ಲೋಡ್ ಎಳೆಯೋ ಗಾಡಿ, ಚಳೀಲಿ ಸ್ಟಾರ್ಟ್ ಮಾಡಿ ಹತ್ರದಲ್ಲೇ ನಿಲ್ಲಿಸೋ ಗಾಡಿ, ಹೀಗೆ ಬೇರೆ ಬೇರೆ ಥರ ಓಡಿಸಿ ಆಯಿಲ್ ಟೆಸ್ಟ್ ಮಾಡ್ದಾಗ ಆಯಿಲ್ ಹಾಳಾಗೋದಕ್ಕೂ ಮೈಲಿಗೂ ಸರಿಯಾಗಿ ತಾಳೆ ಆಗ್ಲಿಲ್ಲ, ಎಂಜಿನ್ ಎಷ್ಟು ಸುತ್ತು ತಿರುಗ್ತು ಮತ್ತೆ ಆವಾಗ ಆಯಿಲ್ ಎಷ್ಟು ಬಿಸಿ ಇತ್ತು ಅನ್ನೋದಕ್ಕೆ ತಾಳೆ ಆಯ್ತು. ಸೋ ಕಂಪ್ಯೂಟರ್ ಏನ್ ಮಾಡತ್ತೆ ಅಂದ್ರೆ, ಮೊದಲು ಒಂದು ದೊಡ್ಡ ಸಂಖ್ಯೆ ಇಟ್ಕೊಂಡು ಎಂಜಿನ್ ಸುತ್ತಿದ ಹಾಗೆ ಅದ್ರಲ್ಲಿ ಕಳೀತಾ ಬರತ್ತೆ. ಆಯಿಲ್ ಹದವಾಗಿ ಬಿಸಿ ಇದ್ರೆ ಒಂದ್ ಸುತ್ತಿಗೆ ಒಂದೇ ಕಳಿಯತ್ತೆ, ತಣ್ಣಗಿದ್ರೆ ಅಥವಾ ವಿಪರೀತ ಬಿಸಿಯಾಗಿದ್ರೆ ಅದೇ ಒಂದ್ ಸುತ್ತಿಗೆ ಜಾಸ್ತಿ ಕಳಿಯತ್ತೆ. ಬೇರೆ ಕಂಪನಿಯವ್ರು ಅವ್ರವ್ರ ಲೆಕ್ಕ ಹಾಕ್ಕೊಂಡಿದಾರೆ ಆದ್ರೆ ಹೆಚ್ಚುಕಮ್ಮಿ ದಾರಿ ಇದೇ.

ತಣ್ಣಗಿದ್ರೆ ಯಾಕೆ ಕೆಟ್ಟದು ಅಂದ್ರೆ, ಸ್ಟಾರ್ಟ್ ಆದಾಗ ಸರಿಯಾಗಿ ಉರಿಯದ ಪೆಟ್ರೋಲ್ ಸಿಲಿಂಡರ್ ಗೋಡೆ ಮೇಲಿಂದ ಕೆಳಗಿಳಿದು ಆಯಿಲ್‌ಗೆ ಸೇರತ್ತೆ, ಜೊತೆಗೆ ನೀರಿನಂಶನೂ ಸೇರತ್ತೆ. ಆಯಿಲ್ ಚೆನ್ನಾಗಿ ಕಾದ್ರೆ ಎರಡೂ ಆವಿ ಆಗಿ ಹೋಗತ್ತೆ. ನಾಲ್ಕೈದು ಮೈಲಿ ಓಡಿಸಿ ನಿಲ್ಲಿಸಿದ್ರೆ ಕೂಲಂಟ್ (ಎಂಜಿನ್ ತಣ್ಣಗಿಡೋ ದ್ರವ) ಬಿಸಿ ತೋರ್ಸೋ ಮುಳ್ಳು ಮಧ್ಯಕ್ಕೆ ಬಂದಿರತ್ತೆ, ಹೀಟರ್ ಬಿಸಿ ಗಾಳಿ ಕೊಡ್ತಿರತ್ತೆ, ಆದ್ರೆ ಆಯಿಲ್ ಇನ್ನೂ ಕಾದಿರಲ್ಲ. ಮಿನ್ನೆಸೋಟಾ ಚಳೀಲಂತೂ ಕೇಳೋದೇ ಬೇಡ.

ಈಗ ನಿಮ್ ಕೇಸಿಗೆ ಬರೋಣ. ಎರಡು ಪ್ರಶ್ನೆ. ದಿನಾ ಎಷ್ಟು ಓಡಿಸ್ತೀರ? ಅಕ್ಟೋಬರಲ್ಲಿ ಗಾಡಿ ವಾಪಸ್ ತಗೊಂಡಾಗ ಮೀಟರ್ 100% ಇತ್ತಾ?

ರಾಘು_ಮಿನಿಯಾಪೊಲಿಸ್:
ಆಫೀಸಿಗೆ 4 ಮೈಲಿ ಅಷ್ಟೇ ಸರ್, ಮಧ್ಯೆ ಒಂದೆರಡು ಸಲ ಚಿಕಾಗೊಗೆ ಹೋಗಿಬಂದ್ವಿ. 100% ಇತ್ತಾ ಅಂತ ನೆನಪಿಲ್ಲ, ಆದ್ರೆ ಚೇಂಜ್ ಆದ ವಾರದಲ್ಲೇ ಇನ್ಶೂರೆನ್ಸಿಗೆ ಅಂತ ಓಡೋಮೀಟರ್ ಫೋಟೋ ತೆಗ್ದಿದ್ದೆ, ಈಗ ಹುಡುಕಿ ನೋಡಿದ್ರೆ ಅದ್ರಲ್ಲಿ ಆಯಿಲ್ ಲೈಫ್ 60% ಅಂತಿದೆ!! ಬಿಲ್ಲಲ್ಲಿ ಮಾತ್ರ 0ಡಬ್ಲ್ಯು-20 ಗ್ರೇಡ್ ಸಿಂಥೆಟಿಕ್ ಆಯಿಲ್ ಹಾಕಿರೋದು, ಫಿಲ್ಟರ್ ಬದಲಾಯ್ಸಿರೋದು ಎಲ್ಲಾ ಇದೆ.

ಗಿರಿ_ಗ್ಯಾರೇಜ್:
ಸಿಕ್ತು ನೋಡಿ. ಅಂಗಡಿಯವ್ರು ಆಯಿಲ್ ಬದಲಾಯ್ಸಿದಾರೆ, ಮೀಟರ್ ರೀಸೆಟ್ ಮಾಡಿಲ್ಲ. ಸ್ಟಿಕ್ಕರ್ ನೋಡ್ಕೊಂಡು ಬೇಗ ಹೋಗಿದ್ದಕ್ಕೆ ಹಳೇ ಲೆಕ್ಕದಲ್ಲೇ 60 ಉಳಿದಿತ್ತು, ಅದು ಅಲ್ಲಿಂದಲೇ ಇಳ್ಕೊಂಡು ಬಂದು 30ಕ್ಕೆ ನಿಂತಿದೆ. ಅಂದ್ರೆ ಈ ಚಳಿಗಾಲದಲ್ಲಿ ನಿಜವಾಗ್ಲೂ ಖರ್ಚಾಗಿರೋದು ಸುಮಾರು 30%, ಆಯಿಲ್‌ನಲ್ಲಿ ಇನ್ನೂ 70ರಷ್ಟು ಜೀವ ಇದೆ. ಗಾಡಿ ಸರಿ ಇದೆ, ಮೀಟರೂ ಸರಿ ಇದೆ.

ದಯವಿಟ್ಟು ಈಗ ಮಾತ್ರ ರೀಸೆಟ್ ಒತ್ಬೇಡಿ. ಈಗ ಒತ್ತಿದ್ರೆ 100 ತೋರ್ಸತ್ತೆ, ಆದ್ರೆ ಆಯಿಲ್ ಆಗ್ಲೇ ಒಂದು ಪೂರ್ತಿ ಚಳಿಗಾಲ ದುಡಿದಿದೆ, ಅದನ್ನೇ ನಂಬಿ ಸೊನ್ನೆವರೆಗೂ ಓಡಿಸಿದ್ರೆ ಮಿತಿ ಮೀರತ್ತೆ. ಬಿಲ್ಲಲ್ಲಿರೋ ಓಡೋಮೀಟರ್ ರೀಡಿಂಗಿಗೆ 5000 ಮೈಲಿ ಸೇರಿಸಿ ಒಂದು ಚೀಟೀಲಿ ಬರ್ದಿಟ್ಕೊಳಿ, ಅಲ್ಲಿಗೆ ಬಂದಾಗ ಚೇಂಜ್ ಮಾಡಿಸಿ ಅಲ್ಲೇ ನಿಂತು ರೀಸೆಟ್ ಮಾಡಿ. ಇಗ್ನಿಷನ್ ಆನ್, ಎಂಜಿನ್ ಆಫ್, ಆಯಿಲ್ ಲೈಫ್ ಸ್ಕ್ರೀನ್ ಬರೋತನಕ ಹೋಗಿ ರೀಸೆಟ್ ಬಟನ್ ಒತ್ತಿ ಹಿಡೀಬೇಕು, ಬಟನ್ ಎಲ್ಲಿದೆ ಅನ್ನೋದು ವರ್ಷದಿಂದ ವರ್ಷಕ್ಕೆ ಬೇರೆ, ಮ್ಯಾನುಯಲ್ ನೋಡಿ.

3000 ಮೈಲಿ ಸ್ಟಿಕ್ಕರ್ ಬಗ್ಗೆ ನನಗೆ ನಿಜವಾಗ್ಲೂ ಬೇಜಾರಿದೆ. ಅದು ಹಳೇ ಕಾಲದ ಆಯಿಲ್ ಮತ್ತೆ ಕಾರ್ಬ್ಯುರೇಟರ್ ಗಾಡಿಗಳ ಲೆಕ್ಕ. ಕ್ಯಾಲಿಫೋರ್ನಿಯಾದಲ್ಲಿ ಕಸ ಮರುಬಳಕೆ ನೋಡ್ಕೊಳ್ಳೋ ಕ್ಯಾಲ್‌ರೀಸೈಕಲ್ ಅನ್ನೋ ಸರ್ಕಾರಿ ಇಲಾಖೆನೇ 3000ಕ್ಕೆ ಬದಲಾಯ್ಸಬೇಡಿ, ನಿಮ್ ಗಾಡಿ ಮ್ಯಾನುಯಲ್ ಏನ್ ಹೇಳತ್ತೆ ನೋಡಿ ಅಂತ ಪ್ರಚಾರ ಮಾಡಿತ್ತು. ಒಳ್ಳೇ ಆಯಿಲ್ ಸುಮ್ನೆ ಚೆಲ್ಲೋದು ಜೇಬಿಗೂ ನಷ್ಟ ನೆಲಕ್ಕೂ ನಷ್ಟ.

ಶ್ರುತಿ_ಡಲ್ಲಾಸ್:
ಒಂದು ಸಣ್ಣ ಭಿನ್ನಾಭಿಪ್ರಾಯ ಗಿರಿ ಸರ್. ನಾನಾಗಿದ್ರೆ ಏಪ್ರಿಲಲ್ಲಿ ಚಳಿ ಮುಗಿದ ತಕ್ಷಣ ಬದಲಾಯ್ಸಿ ರೀಸೆಟ್ ಮಾಡ್ಬಿಡ್ತಿದ್ದೆ, ಚೀಟಿ ಕಳೆದು ಹೋಗತ್ತೆ, ಮನೇಲಿ ಬೇರೆಯವ್ರು ಓಡಿಸ್ತಾರೆ, ಮೀಟರ್ ಮತ್ತೆ ಆಯಿಲ್ ಒಂದೇ ದಿನ ಶುರುವಾದ್ರೆ ತಲೆನೋವಿಲ್ಲ. ಇನ್ನೊಂದು, ನಮ್ ಹಳೇ ಶೆವ್ರೊಲೆ ಮಾಲಿಬುಲಿ ರೀಸೆಟ್ ಮಾಡೋಕೆ ಕೀ ಆನ್ ಮಾಡಿ, ಸ್ಟಾರ್ಟ್ ಮಾಡ್ದೇ, ಆಕ್ಸಿಲರೇಟರ್‌ನ 5 ಸೆಕೆಂಡೊಳಗೆ 3 ಸಲ ಪೂರ್ತಿ ಒತ್ತಿ ಬಿಡ್ಬೇಕು. ಯಾರಿಗಾದ್ರೂ ಬೇಕಾಗತ್ತೆ ಅಂತ ಹೇಳ್ದೆ. ಮತ್ತೆ ತುಂಬಾ ಕಮ್ಮಿ ಓಡಿಸೋರಿಗೆ ಮೀಟರ್ 50 ತೋರಿಸ್ತಿದ್ರೂ ವರ್ಷಕ್ಕೊಂದು ಸಲ ಮಾಡಿಸ್ಲೇಬೇಕಲ್ವಾ?

ಗಿರಿ_ಗ್ಯಾರೇಜ್:
ನೀವ್ ಹೇಳಿದ್ದೂ ಸರಿನೇ ಶ್ರುತಿ ಅವ್ರೇ, ಇಬ್ರು ಓಡಿಸೋ ಗಾಡಿಗೆ ಅದೇ ಒಳ್ಳೇದು. ಹೌದು, ವರ್ಷದ ಮಿತಿ ಹೋಂಡಾ ಮ್ಯಾನುಯಲಲ್ಲೂ ಇದೆ, ಜಿಎಂ (ಜನರಲ್ ಮೋಟರ್ಸ್) ಮ್ಯಾನುಯಲಲ್ಲೂ ಇದೆ, ಪರ್ಸೆಂಟ್ ಎಷ್ಟೇ ಇರ್ಲಿ.

ಅದ್ರ ಜೊತೆ ಮೀಟರಿಗೆ ಗೊತ್ತಾಗದೇ ಇರೋದು ಏನು ಅನ್ನೋದನ್ನೂ ಎಲ್ರೂ ತಲೇಲಿ ಇಟ್ಕೋಬೇಕು. ಆಯಿಲ್ ಒಂದು ಲೀಟರ್ ಕಮ್ಮಿ ಇದ್ರೂ ಅದು ಅದೇ ಪರ್ಸೆಂಟ್ ತೋರ್ಸತ್ತೆ. ಯಾರೋ ಬೇರೆ ಗ್ರೇಡ್ ಆಯಿಲ್ ಹಾಕಿದ್ರೂ ಅಷ್ಟೇ, ಏರ್ ಫಿಲ್ಟರ್ ಸೀಳಿ ಧೂಳು ಒಳಗೆ ಹೋಗ್ತಿದ್ರೂ ಅಷ್ಟೇ. ಅದಕ್ಕೇ ತಿಂಗಳಿಗೊಂದ್ಸಲ ಆಯಿಲ್ ಮಟ್ಟ ತೋರ್ಸೋ ಕಡ್ಡಿ, ಅಂದ್ರೆ ಡಿಪ್‌ಸ್ಟಿಕ್ ನೋಡಿ. ಗಾಡಿ ಸಮತಟ್ಟು ಜಾಗದಲ್ಲಿ ನಿಲ್ಸಿ, ಆಫ್ ಮಾಡಿ ಸ್ವಲ್ಪ ಹೊತ್ತು ಬಿಟ್ಟು, ಒರೆಸಿ, ಮತ್ತೆ ಪೂರ್ತಿ ಒಳಗೆ ಹಾಕಿ ತೆಗೀರಿ. ರಾಘು ಅವ್ರೇ ನೀವು ಇನ್ನೊಂದೂ ಮಾಡಿ, ಡಿಪ್‌ಸ್ಟಿಕ್ ಮೂಸಿ ನೋಡಿ, ಪೆಟ್ರೋಲ್ ವಾಸನೆ ಗಾಢವಾಗಿ ಬಂದು ಲೆವೆಲ್ಲೂ ಮೇಲಿನ ಗುರುತು ದಾಟಿದ್ರೆ ಏಪ್ರಿಲ್ ತನಕ ಕಾಯ್ಬೇಡಿ. ಆಯಿಲ್ ಹಾಕೋ ಮುಚ್ಚಳದ ಕೆಳಗೆ ಬಿಳಿ ನೊರೆ ಥರ ಅಂಟಿದ್ರೆ ಚಳೀಲಿ ಅದು ಹೆಚ್ಚಾಗಿ ನೀರಿನ ಪಸೆ, ಒಂದು ಲಾಂಗ್ ಡ್ರೈವ್ ಹೋಗಿ ಬನ್ನಿ. ಆಮೇಲೂ ಇದ್ರೆ ಮತ್ತೆ ಕೂಲಂಟ್ ಕಮ್ಮಿ ಆಗ್ತಿದ್ರೆ ತಕ್ಷಣ ಮೆಕ್ಯಾನಿಕ್ ಹತ್ರ ಹೋಗ್ಬೇಕು. ಆಯಿಲ್ ಬಣ್ಣ ಕಪ್ಪಾಯ್ತು ಅಂತ ಮಾತ್ರ ಗಾಬರಿ ಆಗ್ಬೇಡಿ, ಬಣ್ಣದಿಂದ ಏನೂ ಗೊತ್ತಾಗಲ್ಲ. ಖಚಿತವಾಗಿ ತಿಳೀಬೇಕು ಅಂದ್ರೆ ಅಮೆರಿಕಾದಲ್ಲಿ ಬ್ಲಾಕ್‌ಸ್ಟೋನ್ ಥರದ ಲ್ಯಾಬಿಗೆ ಚಿಕ್ಕ ಬಾಟ್ಲಲ್ಲಿ ಸ್ಯಾಂಪಲ್ ಕಳಿಸಬಹುದು, ಪೆಟ್ರೋಲ್ ಸೇರಿದ್ಯಾ, ಯಾವ ಲೋಹ ಸವೀತಿದೆ ಎಲ್ಲಾ ಹೇಳ್ತಾರೆ.

ರಾಘು_ಮಿನಿಯಾಪೊಲಿಸ್:
ಈಗ್ಲೇ ಇಳಿದು ನೋಡಿ ಬಂದೆ ಸರ್. ಲೆವೆಲ್ ಎರಡು ಗುರುತಿನ ಮಧ್ಯೆ ಇದೆ, ವಾಸನೆ ಏನೂ ಇಲ್ಲ. ಶ್ರುತಿ ಅವ್ರು ಹೇಳ್ದಂಗೆ ಏಪ್ರಿಲಲ್ಲೇ ಮಾಡಿಸ್ತೀನಿ, ಹೆಂಡ್ತಿನೂ ಓಡಿಸ್ತಾಳೆ. ಮಾವಂಗೂ ಓದಿ ಹೇಳ್ದೆ, ಬೆಂಗ್ಳೂರಲ್ಲಿ ಇದೆಲ್ಲ ನಡಿಯಲ್ಲ ಅಂತಿದಾರೆ 🙂

ಗಿರಿ_ಗ್ಯಾರೇಜ್:
ಮಾವನವ್ರ ಮಾತಲ್ಲಿ ಸತ್ಯ ಇದೆ! ನಮ್ಮಲ್ಲಿ ಹೆಚ್ಚಿನ ಗಾಡಿಗಳಲ್ಲಿ ಬರೋದು ಸರ್ವಿಸ್ ರಿಮೈಂಡರ್, ಅದು ಕಿಲೋಮೀಟರ್ ಮತ್ತೆ ದಿನ ಎಣಿಸತ್ತೆ ಅಷ್ಟೇ. 10,000 ಕಿಲೋಮೀಟರ್ ಅಥವಾ ಒಂದು ವರ್ಷ ಅಂತ ಬಹಳಷ್ಟು ಕಂಪನಿ ಹೇಳ್ತಾರೆ. ಲೆಕ್ಕ ಹಾಕಿ ನೋಡಿ, ಹೈವೇಲಿ ಗಂಟೆಗೆ 60ರಂತೆ ಹೋದ್ರೆ 10,000 ಕಿಲೋಮೀಟರಿಗೆ ಎಂಜಿನ್ ಓಡೋದು 167 ಗಂಟೆ, ಸಿಲ್ಕ್ ಬೋರ್ಡ್ ಕಡೆ ಗಂಟೆಗೆ 20ರಂತೆ ಹೋದ್ರೆ ಅದೇ ದೂರಕ್ಕೆ 500 ಗಂಟೆ. ಆಯಿಲ್ ದುಡಿಯೋದು ಗಂಟೆ ಲೆಕ್ಕದಲ್ಲಿ. ಪೂರ್ತಿ ಟ್ರಾಫಿಕ್ಕಲ್ಲೇ ಓಡೋ ಗಾಡಿಗೆ ಮ್ಯಾನುಯಲಲ್ಲಿ ಕಠಿಣ ಬಳಕೆ ಅಂತ ಬೇರೆ ಪಟ್ಟಿ ಇರತ್ತೆ, ಅದನ್ನ ನೋಡಿ ಬೇಗ ಮಾಡಿಸೋದು ತಪ್ಪಲ್ಲ.

ಹುಬ್ಬಳ್ಳಿ_ಡೀಸೆಲ್:
ಗಿರಿ ಸರ, ನಡುವ ಬಂದಿದ್ದಕ್ಕ ಕ್ಷಮಾ ಇರ್ಲಿರಿ. ನಂದು ಬಿಎಸ್6 ಡೀಸೆಲ್ ಗಾಡಿ ಐತ್ರಿ, ದಿನಾ ಅಂಗಡಿಗೆ ಹೋಗಿ ಬರೂದು ನಾಕೈದು ಕಿಲೋಮೀಟರ್ ಅಷ್ಟ. ನೀವ್ ಹೇಳಿದ್ರಿ ಅಂತ ಡಿಪ್‌ಸ್ಟಿಕ್ ತಗದ್ ನೋಡಿದ್ರ ಆಯಿಲ್ ಮ್ಯಾಲಿನ ಗುರ್ತು ದಾಟೇತ್ರಿ. ಸರ್ವಿಸ್ ಆದಾಗ ಬರೊಬ್ಬರಿ ಇತ್ತು, ಯಾರೂ ಹಾಕಿಲ್ಲ. ಆಯಿಲ್ ತಾನ ಹೆಚ್ಚಾಗೂದು ಹೆಂಗ್ರಿ? ರಿಮೈಂಡರ್ ಏನೂ ಬಂದಿಲ್ಲ.

ಗಿರಿ_ಗ್ಯಾರೇಜ್:
ಒಳ್ಳೇ ಟೈಮಲ್ಲಿ ಕೇಳಿದ್ರಿ ಅಣ್ಣಾ, ಇದನ್ನ ಬಿಡ್ಬೇಡಿ. ಹೆಚ್ಚಾಗಿರೋದು ಆಯಿಲ್ ಅಲ್ಲ, ಡೀಸೆಲ್. 2020ರ ಏಪ್ರಿಲ್ 1ರಿಂದ ಬಿಎಸ್6 ಅನ್ನೋ ಹೊಗೆ ನಿಯಮ ಬಂದ್ಮೇಲೆ ಡೀಸೆಲ್ ಕಾರುಗಳ ಎಕ್ಸಾಸ್ಟಲ್ಲಿ ಮಸಿ ಹಿಡಿಯೋ ಡಿಪಿಎಫ್ ಅನ್ನೋ ಫಿಲ್ಟರ್ ಇರತ್ತೆ. ಅದು ತುಂಬಿದಾಗ ಮಸಿ ಸುಡೋಕೆ ಎಂಜಿನ್ ಹೆಚ್ಚುವರಿ ಡೀಸೆಲ್ ಬಿಡತ್ತೆ, ಬಹಳಷ್ಟು ಗಾಡೀಲಿ ಅದನ್ನ ಸಿಲಿಂಡರ್ ಒಳಗೇ ತಡವಾಗಿ ಚಿಮ್ಮಿಸತ್ತೆ, ಅದ್ರಲ್ಲಿ ಸ್ವಲ್ಪ ಗೋಡೆ ಹಿಡ್ಕೊಂಡು ಕೆಳಗೆ ಆಯಿಲ್‌ಗೆ ಇಳಿಯತ್ತೆ. ಮಸಿ ಸುಡೋದು ಪೂರ್ತಿ ಆಗೋಕೆ ಸ್ವಲ್ಪ ಹೊತ್ತು ಬಿಡದೆ ಓಡ್ಬೇಕು. ನೀವು ಅಂಗಡಿ ಬಂತು ಅಂತ ಮಧ್ಯದಲ್ಲೇ ಆಫ್ ಮಾಡ್ತೀರ, ನಾಳೆ ಅದು ಮತ್ತೆ ಶುರು ಮಾಡತ್ತೆ, ಮತ್ತೆ ಡೀಸೆಲ್ ಇಳಿಯತ್ತೆ.

ಮೇಲಿಂದ ಸ್ವಲ್ಪ ಎಳೆದು ತೆಗೆದು ಲೆವೆಲ್ ಸರಿ ಮಾಡ್ಕೊಳೋ ಐಡಿಯಾ ಯಾರಾದ್ರೂ ಕೊಟ್ರೆ ಕೇಳ್ಬೇಡಿ, ಉಳಿದ ಆಯಿಲ್ ತೆಳುವಾಗೇ ಇರತ್ತೆ, ಬೇರಿಂಗ್ ಮತ್ತೆ ಟರ್ಬೊ ತಡ್ಕೊಳಲ್ಲ. ಲೆವೆಲ್ ವಿಪರೀತ ಮೇಲೆ ಹೋದ್ರೆ ಡೀಸೆಲ್ ಎಂಜಿನ್ ತನ್ನ ಆಯಿಲನ್ನೇ ಎಳ್ಕೊಂಡು ಉರಿಸಿ ಕೀ ಆಫ್ ಮಾಡಿದ್ರೂ ನಿಲ್ಲದೇ ಇರೋ ಅಪಾಯನೂ ಇದೆ. ಪೂರ್ತಿ ಇಳಿಸಿ ಫಿಲ್ಟರ್ ಸಮೇತ ಬದಲಾಯ್ಸಿ, ಡಿಪಿಎಫ್ ಎಷ್ಟು ತುಂಬಿದೆ ಅಂತ ಸ್ಕ್ಯಾನರ್ ಹಾಕಿಸಿ ನೋಡಿಸಿ, ಆಮೇಲೆ ವಾರಕ್ಕೊಂದ್ಸಲ ಬೈಪಾಸಲ್ಲಿ ಧಾರವಾಡದ ಕಡೆ ಅರ್ಧ ಗಂಟೆ ಬಿಡದೆ ಓಡಿಸ್ಕೊಂಡು ಬನ್ನಿ. ಆಯಿಲ್ ಹಾಕಿಸೋವಾಗ ಡಬ್ಬಿ ಮೇಲೆ ನಿಮ್ ಮ್ಯಾನುಯಲಲ್ಲಿರೋ ಗ್ರೇಡೇ ಇದ್ಯಾ ನೋಡಿ, ಡಿಪಿಎಫ್ ಗಾಡಿಗೆ ಬೂದಿ ಕಮ್ಮಿ ಬಿಡೋ ಆಯಿಲೇ ಬೇಕು, ಹಳೇ ಡೀಸೆಲ್ ಆಯಿಲ್ ಹಾಕಿದ್ರೆ ಆ ಬೂದಿ ಡಿಪಿಎಫಲ್ಲಿ ಕೂತ್ಕೊಂಡ್ಬಿಡತ್ತೆ, ಅದನ್ನ ಸುಡೋಕೂ ಆಗಲ್ಲ.

ಹುಬ್ಬಳ್ಳಿ_ಡೀಸೆಲ್:
ತಿಳೀತ್ರಿ ಸರ. ನಾಳೆ ಮುಂಜಾನೆನ ಒಯ್ತೀನಿ, ಡಬ್ಬಿ ಫೋಟೋ ಇಲ್ಲೇ ಹಾಕ್ತೀನಿ, ಒಂದಿಷ್ಟು ನೋಡಿ ಹೇಳ್ರಿ.