ಚಿಂತಾಮಣಿಗೊಂದು, ಆಸ್ಟಿನ್‌ಗೊಂದು: 8 ಇಂಚಿನ ಟ್ಯಾಬ್ ಸಾಕಾಗುತ್ತಾ?

ಚಿಂತಾಮಣಿ (ಈಗ ಆಸ್ಟಿನ್):
ಊರಲ್ಲಿ ಅಜ್ಜಿ-ತಾತನಿಗೆ ವಿಡಿಯೋ ಕರೆಗೆ ಒಂದು, ಇಲ್ಲಿ 5 ವರ್ಷದ ಮಗುವಿಗೆ ಕನ್ನಡ ಕಲಿಯೋಕೆ ಒಂದು. ಕಡಿಮೆ ಬೆಲೆಯ 8 ಇಂಚಿನ ಟ್ಯಾಬ್ ಸಾಕಾ? ಇಲ್ಲಿ ಸೇಲ್ ನಡೀತಿದೆ, ಎರಡನ್ನೂ ಇಲ್ಲೇ ತಗೊಂಡುಬಿಡೋಣ ಅಂತಿದ್ದೀನಿ.

ತಿಪಟೂರು (ಈಗ ಡಬ್ಲಿನ್):
ಎರಡನ್ನೂ ಅಲ್ಲೇ ತಗೋಬೇಡಿ. ಊರಿನದ್ದನ್ನು ಊರಲ್ಲೇ ಕೊಳ್ಳಿ. ಸಿಮ್ ಹಾಕುವ ಟ್ಯಾಬ್ ಬೇಕಿದ್ದರೆ ಬ್ಯಾಂಡ್, ಅಂದರೆ ಅದು ಹಿಡಿಯೋ ಮೊಬೈಲ್ ತರಂಗಗಳ ಸಾಲು, ನೋಡಲೇಬೇಕು. ಜಿಯೋ 4ಜಿ ನಡೆಯುವುದು 3, 5 ಮತ್ತು 40ನೇ ಬ್ಯಾಂಡ್‌ಗಳಲ್ಲಿ. ಅಮೆರಿಕದ ಮಾದರಿಗಳಲ್ಲಿ ಇವೆಲ್ಲ ಇರುತ್ತವೆ ಅನ್ನೋ ಭರವಸೆಯಿಲ್ಲ. ಅದರಲ್ಲೂ 5ನೇದು ಬೇಕೇ ಬೇಕು; ಕಲ್ಲುಚಪ್ಪಡಿ ಹೊದಿಸಿದ ದಪ್ಪ ಗೋಡೆಯ ಮನೆಯೊಳಕ್ಕೆ ತಕ್ಕಮಟ್ಟಿಗೆ ಸಿಗ್ನಲ್ ಬರೋದು ಅದರಿಂದಲೇ. ವೈಫೈ ಮಾತ್ರದ ಟ್ಯಾಬ್ ಆದರೆ ಈ ತಲೆನೋವಿಲ್ಲ. ಆದರೂ ಗಾಜು ಒಡೆದರೆ ಅಲ್ಲಿನ ವಾರಂಟಿ ಹಿಡ್ಕೊಂಡು ಕೋಲಾರದಲ್ಲೋ ಬೆಂಗಳೂರಲ್ಲೋ ಅಲೆದರೆ ಏನೂ ಗಿಟ್ಟಲ್ಲ.

ಸೇಲ್‌ನಲ್ಲಿ ಅರ್ಧ ಬೆಲೆಗೆ ಬರೋದು ಬಹುಶಃ ಅಮೆಜಾನ್ ಫೈರ್ ಎಚ್‌ಡಿ 8. ಅದರಲ್ಲಿ ಗೂಗಲ್ ಪ್ಲೇ ಸ್ಟೋರ್ ಇಲ್ಲ. ಹಿಂಬಾಗಿಲಿನಿಂದ ಹಾಕ್ಕೋಬಹುದು ಅಂತಾರೆ, ಹಾಕ್ಕೋಬಹುದು ಕೂಡ. ಅಪ್‌ಡೇಟ್ ಬಂದು ಕೆಟ್ಟರೆ ಚಿಂತಾಮಣಿಯಲ್ಲಿ ಸರಿ ಮಾಡೋರು ಯಾರು?

ರ‍್ಯಾಮ್ (ಆಪ್ ನಡೆಯುವಾಗ ಬಳಸೋ ಮೆಮೊರಿ) 4 ಜಿಬಿಗಿಂತ ಕಡಿಮೆ ಇದ್ದರೆ ಕಣ್ಮುಚ್ಚಿ ಬಿಟ್ಟುಬಿಡಿ. ಡಬ್ಬದ ಮೇಲೆ '8 ಜಿಬಿ' ಅಂತ ದಪ್ಪಕ್ಷರದಲ್ಲಿ ಹಾಕಿ, ಕೆಳಗೆ ಸಣ್ಣಕ್ಷರದಲ್ಲಿ '4+4' ಅಂದಿದ್ದರೆ ನಿಜವಾದ ರ‍್ಯಾಮ್ 4 ಮಾತ್ರ. ಉಳಿದ ನಾಲ್ಕು ಸ್ಟೋರೇಜ್‌ನಿಂದ ತಂದ ಕಡ. ಅಗ್ಗದ ಟ್ಯಾಬ್‌ಗಳಲ್ಲಿ ಸ್ಟೋರೇಜ್ ಇಎಂಎಂಸಿ ಅನ್ನೋ ನಿಧಾನದ ಜಾತಿಯದ್ದು, ಆ ಕಡದಿಂದ ವೇಗವೇನೂ ಹೆಚ್ಚಲ್ಲ. ಸ್ಟೋರೇಜ್ 64 ಜಿಬಿ ಇರಲಿ. 32ರದ್ದರಲ್ಲಿ ಸಿಸ್ಟಮ್ ತನ್ನ ಪಾಲು ತಿಂದ ಮೇಲೆ ಉಳಿಯೋದನ್ನು ಫ್ಯಾಮಿಲಿ ಗ್ರೂಪಿನ ಶುಭೋದಯಗಳೇ ತುಂಬಿಬಿಡ್ತವೆ. ಮೊದಲ ದಿನವೇ ವಾಟ್ಸಾಪ್‌ನಲ್ಲಿ ಮೀಡಿಯಾ ಆಟೋ ಡೌನ್‌ಲೋಡ್ ಆಫ್ ಮಾಡಿ. ಮೆಮೊರಿ ಕಾರ್ಡ್ ಹಾಕ್ತೀವಿ ಅಂದರೆ ಫೋಟೋ, ವಿಡಿಯೋಗೆ ಸರಿ. ಬಹಳಷ್ಟು ಆಪ್‌ಗಳು ಕಾರ್ಡಿಗೆ ಹೋಗಲ್ಲ.

ಉದಾಹರಣೆಗೆ ಸ್ಯಾಮ್‌ಸಂಗ್ ಟ್ಯಾಬ್ ಎ9 (2023ರದ್ದು) ತಗೊಳ್ಳಿ: 8.7 ಇಂಚು, 1340×800 ಪರದೆ, 5100 ಎಂಎಎಚ್ ಬ್ಯಾಟರಿ, ಮುಂದಿನ ಕ್ಯಾಮೆರಾ 2 ಮೆಗಾಪಿಕ್ಸೆಲ್. ಈ ಕೊನೆಯದೇ ಈ ವರ್ಗದ ದೊಡ್ಡ ಕೊರತೆ, ಲೆನೊವೊ ಎಂ8, ಎಂ9 ಕೂಡ ಇಲ್ಲಿ ಹೆಚ್ಚೇನಲ್ಲ. ಬಾಗಿಲಿಗೆ ಬೆನ್ನು ಹಾಕಿ ಕೂತರೆ ಅಜ್ಜಿ ಕಪ್ಪು ನೆರಳು, ಹಿಂದಿನ ಅಂಗಳ ಬೆಳ್ಳಗೆ ಉರಿಯುತ್ತೆ. ಮುಖ ಬಾಗಿಲ ಕಡೆಗಿರಲಿ, ಸಂಜೆಯಾದರೆ ಟ್ಯೂಬ್‌ಲೈಟ್ ಎದುರಿಗಿರಲಿ. ಇನ್ನೊಂದು, ಕ್ಯಾಮೆರಾ ಉದ್ದನೆಯ ಅಂಚಿನಲ್ಲಿದೆಯೋ ಗಿಡ್ಡ ಅಂಚಿನಲ್ಲಿದೆಯೋ ಅಂಗಡಿಯಲ್ಲೇ ನೋಡಿ. ಗಿಡ್ಡ ಅಂಚಿನದ್ದನ್ನು ಅಡ್ಡ ನಿಲ್ಲಿಸಿದರೆ ತಾತ ಸದಾ ಪಕ್ಕದ ಮನೆ ಕಡೆ ನೋಡ್ತಾ ಮಾತಾಡಿದ ಹಾಗಿರುತ್ತೆ.

ವಾಟ್ಸಾಪ್ ಬಗ್ಗೆ ಒಂದು ಮಾತು. ಟ್ಯಾಬ್‌ನಲ್ಲಿ ಅದನ್ನು ಫೋನಿನ ಖಾತೆಗೆ ಲಿಂಕ್ ಮಾಡಿದ್ದರೆ, ಆ ಫೋನಿನಲ್ಲಿ 14 ದಿನ ವಾಟ್ಸಾಪ್ ತೆರೆಯದೇ ಇದ್ದಾಗ ಟ್ಯಾಬ್‌ನದ್ದು ತಾನಾಗೇ ಲಾಗ್‌ಔಟ್ ಆಗುತ್ತೆ. ಆಮೇಲೆ 'ಟ್ಯಾಬ್ ಕೆಟ್ಟೋಗಿದೆ' ಅಂತ ಫೋನ್ ಬರುತ್ತೆ. ಮನೆಯಲ್ಲಿ ಬಟನ್ ಫೋನ್ ಮಾತ್ರ ಇದ್ದರೆ ಗೂಗಲ್ ಮೀಟ್ ಹಾಕಿ, ಜಿಮೇಲ್ ಖಾತೆ ಒಂದೇ ಸಾಕು.

ಪಾವಗಡ (ಈಗ ಸಿಡ್ನಿ):
ಮಗುವಿನ ಟ್ಯಾಬ್ ವಿಷಯ. 800 ಪಿಕ್ಸೆಲ್ ಅಗಲದ 8 ಇಂಚಿನ ಪರದೆ ಅಂದರೆ ಇಂಚಿಗೆ ಸುಮಾರು 189 ಪಿಕ್ಸೆಲ್. ಯೂನಿಕೋಡ್ ಅಕ್ಷರಕ್ಕೆ (ಚಿತ್ರವಲ್ಲದ, ಟೈಪ್ ಮಾಡಿದ ಪಠ್ಯಕ್ಕೆ) ಧಾರಾಳ ಸಾಕು, ದೊಡ್ಡದು ಮಾಡಿದರೆ ಸಾಲು ತಾನೇ ಮುರಿದುಕೊಳ್ಳುತ್ತೆ. ತೊಂದರೆ ಇರೋದು ಸ್ಕ್ಯಾನ್ ಮಾಡಿದ ಪಿಡಿಎಫ್‌ನಲ್ಲಿ. 1/8 ಡೆಮಿ ಅನ್ನೋ ಸಾಮಾನ್ಯ ಅಳತೆಯ ಪುಸ್ತಕದ ಪುಟ ಐದೂವರೆ ಇಂಚು ಅಗಲ, ಈ ಪರದೆಯ ಅಗಲ 4.2 ಇಂಚು (8 ಅನ್ನೋದು ಮೂಲೆಯಿಂದ ಮೂಲೆಗೆ). ಅಕ್ಷರ ಮುಕ್ಕಾಲು ಅಳತೆಗೆ ಇಳಿಯುತ್ತೆ, ಒಳಗಿನ ಚುಕ್ಕಿ ಮಸುಕಾಗುತ್ತೆ. 'ಪಾಠ' ಇದ್ದದ್ದು 'ಪಾರ', 'ಕಥೆ' ಇದ್ದದ್ದು 'ಕಧೆ'. ನಮಗೆ ಅಭ್ಯಾಸದ ಮೇಲೆ ಓದಿಕೊಂಡು ಹೋಗುತ್ತೆ. ಅಕ್ಷರ ಈಗಷ್ಟೇ ಕಲಿಯೋ ಮಗು ತಪ್ಪನ್ನೇ ಕಲಿಯುತ್ತೆ. ಪಿಡಿಎಫ್ ಓದಿಸಲೇಬೇಕು ಅಂದರೆ ಟ್ಯಾಬ್ ಅಡ್ಡ ಹಿಡೀರಿ. 6.8 ಇಂಚು ಅಗಲ ಸಿಗುತ್ತೆ, ಪುಟವನ್ನು ಅರ್ಧರ್ಧ ಸರಿಸಿ ಓದಿಸಬಹುದು.

ಅದಕ್ಕಿಂತ ಸ್ಟೋರಿವೀವರ್‌ನ ಕನ್ನಡ ಕಥೆಗಳು ವಾಸಿ. ಪ್ರಥಮ್ ಬುಕ್ಸ್‌ನವರದು, ಉಚಿತ, ಓದಿನ ಮಟ್ಟ 1ರಿಂದ 4 ಅಂತ ವಿಂಗಡಿಸಿದ್ದಾರೆ. ಒಂದನೇ ಮಟ್ಟದಲ್ಲಿ ಪುಟಕ್ಕೆ ಒಂದೆರಡು ಸಾಲು ಅಷ್ಟೆ.

ಟ್ಯಾಬ್ ಕೈಗೆ ಕೊಡೋ ಮೊದಲೇ ಫ್ಯಾಮಿಲಿ ಲಿಂಕ್ (ಮಗುವಿನ ಬಳಕೆಗೆ ಕಡಿವಾಣ ಹಾಕೋ ಗೂಗಲ್ ಆಪ್) ಹಾಕಿ, ದಿನದ ಮಿತಿ ಗೊತ್ತುಮಾಡಿ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ 2ರಿಂದ 4 ವರ್ಷದವರಿಗೆ ದಿನಕ್ಕೆ ಒಂದು ಗಂಟೆ ಮೀರಬಾರದು ಅಂದಿತ್ತು. 5 ವರ್ಷಕ್ಕೂ ಅದನ್ನೇ ಹಿಡಿದರೆ ನಷ್ಟವಿಲ್ಲ. ಯೂಟ್ಯೂಬ್ ಹಾಕಲೇಬೇಡಿ. ಅಜ್ಜಿ ಜೊತೆ ಮಾತಾಡೋ ಹೊತ್ತನ್ನು ಆ ಲೆಕ್ಕಕ್ಕೆ ಸೇರಿಸಬೇಡಿ ಅನ್ನೋದು ನನ್ನ ಅಭಿಪ್ರಾಯ.

ಚಿಂತಾಮಣಿ ಕಡೆಯ ಮನೆ ಅಂದರೆ ಅರ್ಧ ಮಾತು ತೆಲುಗು ಇರುತ್ತೆ. ಗೂಗಲ್‌ನ ಕೀಬೋರ್ಡ್ ಆಪ್ ಜಿಬೋರ್ಡ್‌ನಲ್ಲಿ ಕನ್ನಡ, ತೆಲುಗು ಎರಡೂ ಸೇರಿಸಿಡಿ. ಆದರೆ ಮಾತಾಡಿ ಟೈಪ್ ಮಾಡುವಾಗ ಕನ್ನಡ ಆರಿಸಿದೆಯಾ ನೋಡಿ, ಇಲ್ಲದಿದ್ದರೆ ಅಜ್ಜಿಯ ಸಂದೇಶ ಮೊಮ್ಮಗುವಿಗೆ ಓದೋಕೆ ಬರಲ್ಲ.

ಚಿಂತಾಮಣಿ (ಈಗ ಆಸ್ಟಿನ್):
ಕರೆಂಟ್ ಹೋದಾಗ? ಇಲ್ಲಿ ಬೆಳಗ್ಗೆ 7 ಅಂದರೆ ಅಲ್ಲಿ ಸಂಜೆ ಐದೂವರೆ, ಚಳಿಗಾಲದಲ್ಲಿ ಆರೂವರೆ. ಸರಿಯಾಗಿ ಅದೇ ಹೊತ್ತಿಗೆ ತೆಗೀತಾರೆ.

ತಿಪಟೂರು (ಈಗ ಡಬ್ಲಿನ್):
ಟ್ಯಾಬ್‌ಗೆ ಬ್ಯಾಟರಿ ಇದೆ, ರೂಟರ್‌ಗೆ ಇಲ್ಲ. ರೂಟರ್ ಅಡಾಪ್ಟರ್ ಮೇಲೆ ಎಷ್ಟು ವೋಲ್ಟ್ ಬರೆದಿದೆ ಓದಿಸಿ, ಸಾಮಾನ್ಯವಾಗಿ 12 ವೋಲ್ಟ್. ಅದಕ್ಕೆ ಹೊಂದೋ ಸಣ್ಣ ರೂಟರ್ ಯುಪಿಎಸ್ ಇಡಿಸಿ. ಟ್ಯಾಬ್‌ಗೆ 10,000 ಎಂಎಎಚ್ ಪವರ್ ಬ್ಯಾಂಕ್ ಇದ್ದರೆ ಒಂದು ಸಲ ಪೂರ್ತಿ ತುಂಬಿ ಸ್ವಲ್ಪ ಉಳಿಯುತ್ತೆ, ಎರಡು ಸಲ ಬರಲ್ಲ.

ಸ್ಟ್ಯಾಂಡ್‌ಗೆ ದುಡ್ಡು ಹಾಕಬೇಡಿ. ದೇವರ ಮನೆಯಲ್ಲಿ ವ್ಯಾಸಪೀಠ ಇದ್ದರೆ 8 ಇಂಚಿನದ್ದು ಅದರ ಮೇಲೆ ಅಚ್ಚುಕಟ್ಟಾಗಿ ಕೂರುತ್ತೆ. ಅಲ್ಲೇ ಹಗಲೂ ರಾತ್ರಿ ಚಾರ್ಜಿಗೆ ಹಾಕಿಡೋದು ಬೇಡ, ಬೇಸಿಗೆಯಲ್ಲಿ ಬ್ಯಾಟರಿ ಉಬ್ಬಿ ಗಾಜು ಮೇಲೇಳುತ್ತೆ. ಬ್ಯಾಟರಿ ಸೆಟ್ಟಿಂಗ್‌ನಲ್ಲಿ 80-85ಕ್ಕೆ ಚಾರ್ಜ್ ನಿಲ್ಲಿಸೋ ಆಯ್ಕೆ ಇದ್ದರೆ ಆನ್ ಮಾಡಿ. ಇಲ್ಲದಿದ್ದರೆ ರಾತ್ರಿ ಮಲಗೋ ಮುಂಚೆ ಸ್ವಿಚ್ ಆರಿಸೋಕೆ ತಾತನಿಗೆ ಹೇಳಿ.